ಬಿನ್ ಮತ್ತು ಕೋಂ

ನಾನು ಹುಡುಗನಾಗಿದ್ದಾಗ, ಸುಗ್ಗಿ ಮುಗಿದು ಕಣ ಬರಿದಾದ ಮೇಲೆ, ನಮ್ಮ ಮನೆಗೆ ಒಬ್ಬ ಹೆಳವ ಬರುತ್ತಿದ್ದ. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ, ಬೀದಿಯ ಕೊನೆಯಿಂದಲೇ ನಮ್ಮ ಮನೆತನದ ಹೆಸರು ಹಿಡಿದು ಕೂಗುತ್ತಿದ್ದ. ಹೆಳವ ಎಂದರೆ ಕುಂಟ, ನಡೆಯಲಾರದವನು ಎಂದು ಅರ್ಥ. ಆ ಹೆಸರನ್ನು ಹೊತ್ತ ಜನ ನಾಡೆಲ್ಲ ಸುತ್ತಿ, ಒಕ್ಕಲು ಮನೆತನಗಳ ವಂಶಾವಳಿಯನ್ನು ತಲೆಮಾರುಗಳ ಕಾಲ ನಾಲಗೆಯ ಮೇಲೆ, ಆಮೇಲೆ ಪುಸ್ತಕಗಳಲ್ಲಿ, ಕಾಪಾಡಿಕೊಂಡು ಬಂದಿದ್ದಾರೆ. ನಮ್ಮ ಜಗಲಿಯ ಮೇಲೆ ಕುಳಿತು ಆತ ಮೂಲಪುರುಷನಿಂದ ಹಿಡಿದು ಏಳು ತಲೆಮಾರುಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರೆ, ಅಲ್ಲಿಯವರೆಗೆ ಬರಿಯ ಹುಡುಗನಾಗಿದ್ದ ನಾನು ಒಂದು ದೊಡ್ಡ ಮರದ ತುದಿಯ ಚಿಗುರಾಗಿ ನನಗೇ ಕಾಣುತ್ತಿದ್ದೆ.

ಒಂದು ವರ್ಷ ನಾನು ಕೇಳಿದೆ: "ನಮ್ಮಪ್ಪನ ಅವ್ವನ ಹೆಸರೇನು?" ಹೆಳವ ಪುಸ್ತಕದ ಹಾಳೆ ತಿರುವಿದ. ನಮ್ಮ ತಂದೆಯ ಮುಖ ನೋಡಿದ. ತಂದೆ ಏನೂ ಹೇಳದೆ ಒಳಗೆ ಹೋಗಿ ಮೊರದಲ್ಲಿ ರಾಗಿ ತಂದು ಅವನ ಚೀಲಕ್ಕೆ ಸುರಿದರು. ಆ ವರ್ಷದ ವಂಶಾವಳಿ ಅಲ್ಲಿಗೆ ಮುಗಿಯಿತು.

ಮುಂದೆ ನನಗೆ ತಿಳಿದದ್ದು ಇಷ್ಟು. ತಂದೆ ಎರಡು ವರ್ಷದ ಕೂಸಾಗಿದ್ದಾಗ ಅವರ ತಾಯಿ ತೀರಿಕೊಂಡರು. ತಾತ ವರ್ಷದೊಳಗೇ ಮತ್ತೊಂದು ಮದುವೆಯಾದರು. ತಾಯಿಯ ತವರಿನವರಿಗೂ ನಮ್ಮವರಿಗೂ ಮನಸ್ತಾಪ ಬೆಳೆದು ಹೋಗಿಬರುವುದು ನಿಂತಿತು. ಜಗಳದ ಕಾವಿನಲ್ಲಿ ಎತ್ತಬಾರದೆಂದು ಬಿಟ್ಟ ಹೆಸರು ಆಮೇಲೆ ಮರೆತೇ ಹೋಯಿತು. ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡುವಾಗ ತಂದೆ ತಾತನ ಹೆಸರು ಹೇಳಿ ಕೈಮುಗಿದು, ಬಳಿಕ "ನಮ್ಮವ್ವನಿಗೆ" ಎಂದಷ್ಟೇ ಹೇಳುತ್ತಿದ್ದರು. 1994ರಲ್ಲಿ ಅವರು ತೀರಿಕೊಳ್ಳುವವರೆಗೂ ಅದು ಹಾಗೆಯೇ ನಡೆಯಿತು. ತಾಯಿಯ ಹೆಸರು ತಿಳಿಯದೆ ಒಬ್ಬ ಮನುಷ್ಯ ಎಪ್ಪತ್ತೆಂಟು ವರ್ಷ ಬಾಳಿದ. ನಿವೃತ್ತನಾಗಿ ಕೈಗೆ ಬಿಡುವು ಬಂದ ಮೇಲೆ ನಾನು ಮೊದಲು ಹುಡುಕಲು ಹೊರಟದ್ದು ಆ ಹೆಸರನ್ನು.

ಹಳೆಯ ಮೈಸೂರಿನ ಕಂದಾಯದ ಕಡತಗಳನ್ನು ನೋಡಿದವರಿಗೆ ಎರಡು ಪುಟ್ಟ ಪದಗಳ ಪರಿಚಯವಿರುತ್ತದೆ: 'ಬಿನ್' ಮತ್ತು 'ಕೋಂ'. ಇಂಥವನು ಬಿನ್ ಇಂಥವನು ಎಂದರೆ ಇಂಥವನ ಮಗ. ಇಂಥವಳು ಕೋಂ ಇಂಥವನು ಎಂದರೆ ಇಂಥವನ ಹೆಂಡತಿ. ಬಿನ್ ಎಂಬುದು ಅರಬ್ಬಿ ಮಾತು. ಎಲ್ಲಿಯದೋ ಮರುಭೂಮಿಯ ಮಾತು ಕಚೇರಿಗಳ ದಾರಿ ಹಿಡಿದು ಬಂದು ನಮ್ಮ ರಾಗಿ ಹೊಲದ ಪಹಣಿಯಲ್ಲಿ ಕುಳಿತಿರುವುದನ್ನು ಕಂಡು ಕನ್ನಡ ಮೇಷ್ಟರಾದ ನನಗೆ ಸಂತೋಷವೇ ಆಯಿತು. ಆದರೆ ಪುಟದಿಂದ ಪುಟಕ್ಕೆ ಹೋದಂತೆ ಸಂತೋಷ ಇಳಿಯಿತು. ಬಿನ್ ಎಂಬುದು ಸರಪಳಿಯ ಕೊಂಡಿ. ಒಂದನ್ನು ಹಿಡಿದರೆ ಮುಂದಿನದು ತಾನೇ ಬರುತ್ತದೆ. ಕೋಂ ಎಂಬುದು ಅಲ್ಲೊಂದು ಇಲ್ಲೊಂದು. ಗಂಡ ಸತ್ತು, ಮಗ ಇನ್ನೂ ಚಿಕ್ಕವನಾಗಿ, ಖಾತೆ ನಡೆಸುವವರು ಬೇರೆ ಯಾರೂ ಇಲ್ಲವೆಂದಾಗ ಮಾತ್ರ ಹೆಂಗಸಿನ ಹೆಸರು ಬಹುಮಟ್ಟಿಗೆ ಕಡತಕ್ಕೆ ಬರುತ್ತಿತ್ತು.

ಇದು ಇಂದು ನಿನ್ನೆಯ ಸಂಗತಿಯಲ್ಲ. ಆದಿಕವಿ ಪಂಪ ತನ್ನ 'ವಿಕ್ರಮಾರ್ಜುನ ವಿಜಯ'ದಲ್ಲಿ ತನ್ನ ಹಿರಿಯರನ್ನು ಸಾಲಾಗಿ ನೆನೆಯುತ್ತಾನೆ: ಮಾಧವ ಸೋಮಯಾಜಿ, ಅಭಿಮಾನಚಂದ್ರ, ಕೊಮರಯ್ಯ, ಅಭಿರಾಮದೇವರಾಯ. ಹೆತ್ತ ತಾಯಿ ಆ ಸಾಲಿನಲ್ಲಿಲ್ಲ. ಇಂದಿನ ತೆಲಂಗಾಣದ ಕುರಿಕ್ಯಾಲದಲ್ಲಿ ಒಂದು ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭ ಕೆತ್ತಿಸಿದ ಶಾಸನವನ್ನು ವಿದ್ವಾಂಸರು ಓದಿದ ಮೇಲೆಯೇ ಆಕೆಯ ಹೆಸರು ಅಬ್ಬಣಬ್ಬೆ ಎಂದೂ, ಆಕೆ ಅಣ್ಣಿಗೇರಿಯ ಜೋಯಿಸ ಸಿಂಘನ ಮನೆಯ ಮಗಳೆಂದೂ ನಮಗೆ ತಿಳಿದುಬಂದದ್ದು. ಮಹಾಕವಿಯ ಕಾವ್ಯ ಹೇಳದೆ ಬಿಟ್ಟ ತಾಯಿಯ ಹೆಸರನ್ನು ಒಂದು ಬಂಡೆ ಸಾವಿರ ವರ್ಷ ಇಟ್ಟುಕೊಂಡಿತ್ತು. ಈ ಪಾಠವನ್ನು ತರಗತಿಯಲ್ಲಿ ನಾನು ಎಷ್ಟೋ ವರ್ಷ ಹೇಳಿದ್ದೇನೆ. ಅದು ನನ್ನ ಮನೆಗೂ ಅನ್ವಯಿಸುತ್ತದೆಂದು ಹೊಳೆದದ್ದು ಮಾತ್ರ ಬಹಳ ತಡವಾಗಿ.

ನಮಗೆ ಪಕ್ಕದ ಊರಿನ ಕೆರೆಯ ಕೆಳಗೆ ಹತ್ತು ಗುಂಟೆ ಗದ್ದೆಯಿತ್ತು. ಮನೆಯಲ್ಲಿ ಅದನ್ನು 'ಅರಿಶಿನದ ಗದ್ದೆ' ಎನ್ನುತ್ತಿದ್ದರು. ಅಲ್ಲಿ ಅರಿಶಿನ ಬೆಳೆದದ್ದನ್ನು ನಾನು ಒಂದು ವರ್ಷವೂ ಕಾಣಲಿಲ್ಲ, ಬೆಳೆಯುತ್ತಿದ್ದದ್ದು ಬತ್ತ. ಯಾವ ಕಾಲದಲ್ಲೋ ಅರಿಶಿನ ಹಾಕಿದ್ದಿರಬೇಕೆಂದು ಸುಮ್ಮನಾಗಿದ್ದೆ. 1979ರಲ್ಲಿ ನಾನು ಎಂ.ಎ. ಓದಲು ಮಾನಸಗಂಗೋತ್ರಿಗೆ ಹೊರಟಾಗ ತಂದೆ ಮಾರಿದ್ದು ಆ ಗದ್ದೆಯನ್ನು. ಆ ಕ್ರಯಪತ್ರದ ನಕಲು ನನ್ನ ಪೆಟ್ಟಿಗೆಯಲ್ಲಿತ್ತು. ಅದರಲ್ಲಿ ಪತ್ರಬರಹಗಾರ, ಎಲ್ಲ ಪತ್ರಗಳಲ್ಲಿಯೂ ಬರೆಯುವಂತೆ, 'ನನಗೆ ಪಿತ್ರಾರ್ಜಿತವಾಗಿ ಬಂದ' ಎಂದು ಬರೆದಿದ್ದ. ನಮ್ಮ ಪಿತ್ರಾರ್ಜಿತ ಜಮೀನೆಲ್ಲ ನಮ್ಮೂರಿನಲ್ಲಿಯೇ ಇತ್ತು. ಇದೊಂದು ತುಂಡು ಮಾತ್ರ ಪಕ್ಕದೂರಿಗೆ ಹೇಗೆ ಹೋಯಿತು? ನಲವತ್ತು ವರ್ಷ ನನ್ನ ಬಳಿಯೇ ಇದ್ದ ಕಾಗದ ಈ ಪ್ರಶ್ನೆಯನ್ನು ಕೇಳುತ್ತಲೇ ಇತ್ತು, ನನಗೆ ಕೇಳಿಸಿರಲಿಲ್ಲ.

ಸಬ್ ರಿಜಿಸ್ಟ್ರಾರ್ ಕಚೇರಿ ಎಂದರೆ ನಮಗೆ ಮಾರುವ ಕೊಳ್ಳುವ ಜಾಗ. ಆದರೆ ಮನೆತನದ ಚರಿತ್ರೆ ಹುಡುಕುವವನಿಗೆ ಅದಕ್ಕಿಂತ ದೊಡ್ಡ ಭಂಡಾರ ಬೇರೆಯಿಲ್ಲ. ಸ್ಥಿರಾಸ್ತಿಯ ಪತ್ರಗಳನ್ನೆಲ್ಲ ಅಲ್ಲಿ ಒಂದನೆಯ ಪುಸ್ತಕವೆಂಬ ಸಂಪುಟಗಳಲ್ಲಿ ಅಕ್ಷರ ಬಿಡದೆ ನಕಲು ಮಾಡಿ ಇಡುತ್ತಿದ್ದರು. ಅದಕ್ಕೆ ಎರಡು ಸೂಚಿಗಳು: ಒಂದು, ಬರೆದುಕೊಟ್ಟವರ ಮತ್ತು ಬರೆಸಿಕೊಂಡವರ ಹೆಸರಿನದು, ಇನ್ನೊಂದು, ಊರು ಮತ್ತು ಸ್ವತ್ತಿನದು. ಇಂದಿಗೂ ಜಾರಿಯಲ್ಲಿರುವ 1908ರ ನೋಂದಣಿ ಕಾಯಿದೆಯ ಪ್ರಕಾರ, ಶುಲ್ಕ ಕಟ್ಟಿದ ಯಾರೇ ಆಗಲಿ ಈ ಪುಸ್ತಕವನ್ನೂ ಸೂಚಿಗಳನ್ನೂ ನೋಡಬಹುದು. ಹೆಸರೇ ಗೊತ್ತಿಲ್ಲದ ನನಗೆ ಹೆಸರಿನ ಸೂಚಿ ನಿರುಪಯೋಗಿ. ಸ್ವತ್ತಿನ ಸೂಚಿಯಲ್ಲಿ ಆ ಊರಿನ ಪುಟ ತೆಗೆದು, ಸರ್ವೆ ನಂಬರನ್ನು ಹಿಡಿದು, ವರ್ಷದಿಂದ ವರ್ಷಕ್ಕೆ ಹಿಂದೆ ಹಿಂದೆ ನಡೆದೆ.

ನಾಲ್ಕನೆಯ ದಿನ ಸಿಕ್ಕಿತು. 1914ರ ದಾನಪತ್ರ. ಪಕ್ಕದೂರಿನ ಒಬ್ಬ ರೈತ ತನ್ನ ಮಗಳಿಗೆ ಅರಿಶಿನ ಕುಂಕುಮದ ಬಾಬ್ತು ಹತ್ತು ಗುಂಟೆ ತರಿ ಜಮೀನನ್ನು ಬರೆದುಕೊಟ್ಟಿದ್ದ. ಮಗಳ ಹೆಸರು, ಅದರ ಮುಂದೆ ಕೋಂ, ಅದರ ಮುಂದೆ ನಮ್ಮ ತಾತನ ಹೆಸರು. ಪತ್ರದ ಕೊನೆಯಲ್ಲಿ ಆ ರೈತನ ಹೆಬ್ಬೆಟ್ಟಿನ ಗುರುತು ಎಂಬ ಒಕ್ಕಣೆ.

ಗದ್ದೆಯ ಹೆಸರಿನ ಅರ್ಥ ಆಗ ತಿಳಿಯಿತು. ತನ್ನ ಮಗಳು ಅರಿಶಿನ ಕುಂಕುಮಕ್ಕೂ ಗಂಡನ ಮುಂದೆ ಕೈಚಾಚಬಾರದೆಂದು ಓದು ಬಾರದ ಒಬ್ಬ ತಂದೆ ಕೊಟ್ಟ ನೆಲ ಅದು. ಆ ನೆಲವನ್ನು ಮಾರಿ ಬಂದ ಹಣದಲ್ಲಿ ನಾನು ಪಂಪನನ್ನು ಓದಿದೆ. ಅದು ಪಿತ್ರಾರ್ಜಿತವಲ್ಲ, ಮಾತ್ರಾರ್ಜಿತ. ಪತ್ರಬರಹಗಾರನ ವಾಡಿಕೆಯ ಒಂದು ಪದ ನನ್ನ ಅಜ್ಜಿಯನ್ನು ಅಳಿಸಿಹಾಕಿತ್ತು. ಆ ಮಧ್ಯಾಹ್ನ ಸಂಪುಟವನ್ನು ಹಿಂದಿರುಗಿಸುವಾಗ ಗುಮಾಸ್ತರು "ಸಿಕ್ಕಿತೇ ಸಾರ್?" ಎಂದು ಕೇಳಿದರು. ತಲೆಯಾಡಿಸಿದೆ, ಮಾತು ಹೊರಡಲಿಲ್ಲ.

ಹೆಸರು ಸಿಕ್ಕಿತು, ಸಾವಿನ ದಿನ ಬೇಕಾಗಿತ್ತು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೆಯ ಜನನ ಮರಣಗಳ ದಫ್ತರ ಇನ್ನೂ ಉಳಿದಿತ್ತು. 1918ರ ಅಕ್ಟೋಬರ್ ತಿಂಗಳಿನಲ್ಲಿ ನಮ್ಮೂರಿನ ಪುಟ ತೆರೆದೆ. ಬೇರೆ ತಿಂಗಳುಗಳಲ್ಲಿ ಎರಡೋ ಮೂರೋ ಸಾಲು. ಈ ತಿಂಗಳಿಗೆ ಪುಟ ಸಾಲದೆ ಇನ್ನೊಂದು ಹಾಳೆ ಅಂಟಿಸಿದ್ದರು. ಕಾರಣದ ಕಲಮಿನಲ್ಲಿ ಮೊದಲ ಸಾಲಿಗೆ 'ಜ್ವರ' ಎಂದು ಬರೆದು, ಅದರ ಕೆಳಗೆ 'ಸದರಿ', 'ಸದರಿ', 'ಸದರಿ' ಎಂದು ತಳದವರೆಗೆ ಇಳಿಸಿದ್ದರು. ಅದು ಇನ್‌ಫ್ಲುಯೆಂಜಾ ಮಾರಿ ಹಬ್ಬಿದ ಕಾಲ. ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಆ ಜ್ವರ ಕೊಂಡೊಯ್ದಿತು. 1911ರಿಂದ 1921ರವರೆಗಿನ ದಶಕದಲ್ಲಿ ದೇಶದ ಜನಸಂಖ್ಯೆ ಏರುವ ಬದಲು ಇಳಿಯಿತೆಂದು ಜನಗಣತಿ ಹೇಳುತ್ತದೆ. ಆ ಸದರಿಗಳ ನಡುವೆ ಒಂದು ಸಾಲು: ತಾತನ ಹೆಸರು, ಅದರ ಮುಂದೆ 'ಹೆಂಡತಿ', ವಯಸ್ಸು 20. ಹೆಸರಿಲ್ಲ. ದಾನಪತ್ರದಲ್ಲಿ ಹೆಸರಿತ್ತು, ದಿನವಿರಲಿಲ್ಲ. ಇಲ್ಲಿ ದಿನವಿತ್ತು, ಹೆಸರಿರಲಿಲ್ಲ. ಎರಡು ಕಚೇರಿಗಳ ಎರಡು ಪುಟಗಳನ್ನು ಕೂಡಿಸಿದಾಗ ಒಬ್ಬ ಹೆಣ್ಣುಮಗಳು ಪೂರ್ಣಳಾದಳು.

ಇನ್ನು ನಿಧನವಾರ್ತೆಯ ಮಾತು. ನಿವೃತ್ತರು ಪತ್ರಿಕೆಯಲ್ಲಿ ಮೊದಲು ಓದುವುದು ಆ ಪುಟವನ್ನೇ ಎಂದು ಕಿರಿಯರು ನಗುವುದುಂಟು. ಆ ಪುಟ ನಮ್ಮ ನಾಡಿಗೆ ಹೊಸದಲ್ಲ. ಊರೂರಿನ ವೀರಗಲ್ಲು, ಶ್ರವಣಬೆಳಗೊಳದ ನಿಸಿದಿ, ಎಲ್ಲವೂ ನಿಧನವಾರ್ತೆಗಳೇ. ಅಲ್ಲಿಯೂ ಹೆಂಗಸಿನ ಹೆಸರು ಸುಲಭವಾಗಿ ಬರುವುದಿಲ್ಲ. 1057ರ ಬೆಳತೂರಿನ ಶಾಸನದಲ್ಲಿ ದೇಕಬ್ಬೆಯ ಹೆಸರು ಉಳಿದಿದೆ. ಆದರೆ ಅದು ಕಲ್ಲಿಗೆ ಏರಬೇಕಾದರೆ ಆಕೆ ಗಂಡನ ಹಿಂದೆ ಬೆಂಕಿಗೆ ಬೀಳಬೇಕಾಯಿತು. ಕಾಗದ ಬಂದ ಕಾಲಕ್ಕೆ ನಾವು ಇನ್ನೂ ಉದಾಸೀನರಾದೆವು. ಸಾವಿನ ಸುದ್ದಿ ತಂದ ಕಾರ್ಡನ್ನು ಓದಿದೊಡನೆ ಹರಿದು ಹಾಕುವುದು ವಾಡಿಕೆ, ಅದು ಮನೆಯಲ್ಲಿರಬಾರದಂತೆ. ಮದುವೆಯ ಕರೆಯೋಲೆ ಉಳಿಯುತ್ತದೆ, ಸಾವಿನ ಓಲೆ ಉಳಿಯುವುದಿಲ್ಲ. ಇನ್ನು ಪತ್ರಿಕೆಯ ವರದಿ: 'ಮೃತರು ಪತ್ನಿ, ಇಬ್ಬರು ಪುತ್ರರು, ಓರ್ವ ಪುತ್ರಿ ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ.' ಮನೆತನ ಹುಡುಕುವವನಿಗೆ ಈ 'ಅಪಾರ ಬಂಧುಬಳಗ'ದಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ. ಲೆಕ್ಕ ಕೊಟ್ಟು ಹೆಸರು ಬಿಡುವ ವಿದ್ಯೆ ಅದು.

ಆದರೆ ಮನೆಯವರೇ ದುಡ್ಡು ಕೊಟ್ಟು ಹಾಕಿಸುವ ಶ್ರದ್ಧಾಂಜಲಿಯ ಜಾಹೀರಾತಿನಲ್ಲಿ ಹೆಸರುಗಳಿರುತ್ತವೆ. ದಾನಪತ್ರದಿಂದ ತಿಳಿದ ಆ ಊರಿನ ಹೆಸರನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ದಿನವೂ ಆ ಪುಟ ಓದತೊಡಗಿದೆ. ಏಳೆಂಟು ತಿಂಗಳ ಬಳಿಕ ಒಂದು ಬೆಳಿಗ್ಗೆ ಆ ಊರಿನ ಹಿರಿಯರೊಬ್ಬರ ಭಾವಚಿತ್ರ ಕಾಣಿಸಿತು. ಕೆಳಗೆ ದುಃಖತಪ್ತರ ಪಟ್ಟಿ: ಹೆಂಡತಿ, ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು. ಮೊಮ್ಮಕ್ಕಳ ಹೆಸರೆಲ್ಲ ಈ ಕಾಲದವು, ಒಂದನ್ನು ಬಿಟ್ಟು. ಅದೊಂದು ಹಳೆಯ ಕಾಲದ ಹೆಸರು. ಇಂದಿನ ತಂದೆತಾಯಿಗಳು ಬಯಸಿ ಇಡುವ ಹೆಸರಲ್ಲ. ದಾನಪತ್ರದಲ್ಲಿ ಕೋಂ ಎಂಬುದರ ಹಿಂದೆ ಇದ್ದ ಹೆಸರೇ ಅದು.

ಹನ್ನೊಂದನೆಯ ದಿನದ ತಿಥಿಗೆ ಕರೆಯದೆಯೇ ಹೋದೆ. ಸಾವಿನ ಮನೆಗೆ ಕರೆ ಬೇಕಾಗಿಲ್ಲ ಎಂಬುದು ನಮ್ಮಲ್ಲಿರುವ ಒಳ್ಳೆಯ ಪದ್ಧತಿಗಳಲ್ಲೊಂದು. ತೀರಿಕೊಂಡವರ ಹೆಂಡತಿ, ಎಂಬತ್ತು ದಾಟಿದ ಮುದುಕಿ, ಮೂಲೆಯಲ್ಲಿ ಕುಳಿತಿದ್ದರು. "ಯಾರ ಕಡೆಯೋರಪ್ಪ?" ಎಂದರು. ಅಜ್ಜಿಯ ಹೆಸರು ಹೇಳಿದೆ. ಬಾಯಿಬಿಟ್ಟು ಆ ಹೆಸರನ್ನು ನಾನು ಉಚ್ಚರಿಸಿದ್ದು ಅದೇ ಮೊದಲು. ಮುದುಕಿ ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು. ಆಮೇಲೆ ಹೇಳಿದರು: "ನಮ್ಮ ಯಜಮಾನ್ರ ಸೋದರತ್ತೆ. ಆ ಹೆಸರನ್ನ ಈ ಮನೇಲಿ ಬಿಟ್ಟಿಲ್ಲ ಕಣಪ್ಪ. ನಮ್ಮ ಮಾವ ತಮ್ಮ ಮಗಳಿಗೆ ಇಟ್ರು. ಅವಳೂ ಹೋದಳು. ಈಗ ಮೊಮ್ಮಗಳಿಗೆ ಇಟ್ಟಿದೀವಿ." ಒಳಗಿನಿಂದ ಕಾಲೇಜು ಓದುವ ಹುಡುಗಿಯೊಬ್ಬಳು ನೀರಿನ ಲೋಟ ಹಿಡಿದು ಬಂದಳು.

ನಾನು ಕಚೇರಿಗಳಲ್ಲಿ ಹುಡುಕಿದ ಹೆಸರು ನಾಲ್ಕು ಮೈಲಿ ದೂರದಲ್ಲಿ, ನೂರು ವರ್ಷ ದಿನವೂ ಕೂಗಿಸಿಕೊಳ್ಳುತ್ತ, ಓಗೊಡುತ್ತ, ಬದುಕಿಯೇ ಇತ್ತು. ನಮ್ಮ ತಂದೆ ಆ ನಾಲ್ಕು ಮೈಲಿ ನಡೆದಿದ್ದರೆ ಸಾಕಾಗಿತ್ತು. ಜಗಳ ಅವರದಲ್ಲ, ಆದರೂ ಅದನ್ನು ದಾಟಲು ಅವರಿಗೆ ಆಗಲಿಲ್ಲ. ನಾನೂ ಅವರಿರುವಾಗ ಹುಡುಕಲು ಹೊರಡಲಿಲ್ಲ. ಈ ಕೊರಗು ನನ್ನದು.

ವಂಶವೃಕ್ಷವೆಂಬುದು ಈಗ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ಪಡೆಯುವ ಒಂದು ಪ್ರಮಾಣಪತ್ರ. ಪಿತ್ರಾರ್ಜಿತ ಸ್ವತ್ತಿನಲ್ಲಿ ಹೆಣ್ಣುಮಕ್ಕಳಿಗೂ ಹಕ್ಕೆಂದು ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಕಾಯಿದೆಯಾದ ಮೇಲೆ, ಅದರಲ್ಲಿ ಮಗಳ ಹೆಸರು ಬಿಟ್ಟುಹೋದರೆ ಕೇಳುವವರಿದ್ದಾರೆ. ಆದರೆ ಅದು ಆಸ್ತಿಯ ವೃಕ್ಷ. ಹೆಸರಿನ ವೃಕ್ಷಕ್ಕೆ ನಿಮ್ಮ ಮನೆಯ ಅತ್ಯಂತ ಹಿರಿಯ ಹೆಂಗಸಿನ ಪಕ್ಕದಲ್ಲಿ ಒಂದು ಸಂಜೆ ಕುಳಿತುಕೊಳ್ಳಬೇಕು. ಆಕೆಯ ತಾಯಿಯ ಹೆಸರನ್ನು ಕೇಳಿ ಬರೆದಿಟ್ಟುಕೊಳ್ಳಿ. ಶಾಲೆಯ ದಾಖಲೆಯನ್ನು ಅಷ್ಟಾಗಿ ನಂಬಬೇಡಿ. ನಮ್ಮ ನಾಡಿನ ಅರ್ಧ ಜನ ಜೂನ್ 1ರಂದು ಹುಟ್ಟಿದರೆಂದು ಅದು ಹೇಳುತ್ತದೆ.

ಅಜ್ಜಿಯ ಹೆಸರೇನೆಂದು ನೀವು ಕೇಳಬಹುದು. ಅದೀಗ ಆ ಹುಡುಗಿಯ ಹೆಸರು. ಬಾನುಲಿಯಲ್ಲಿ ಹೇಳಲು ಅವಳ ಅಪ್ಪಣೆ ಕೇಳಿಲ್ಲ.

ಕಳೆದ ಸುಗ್ಗಿಯಲ್ಲಿ ಊರಿಗೆ ಹೋಗಿದ್ದೆ. ಹಳೆಯ ಹೆಳವನ ಮೊಮ್ಮಗ ಬಂದಿದ್ದ, ಎತ್ತಿನ ಮೇಲಲ್ಲ, ಮೋಟಾರ್ ಸೈಕಲ್ಲಿನ ಮೇಲೆ. ಪುಸ್ತಕ ತೆಗೆಯಲು ಹೇಳಿ, ತಾತನ ಹೆಸರಿನ ಪಕ್ಕದಲ್ಲಿ ಅಜ್ಜಿಯ ಹೆಸರು ಬರೆಸಿದೆ. ಸಾಲಿನಲ್ಲಿ ಜಾಗವಿರಲಿಲ್ಲ, ಅಂಚಿನಲ್ಲಿ ಬರೆದುಕೊಂಡ. ಆಮೇಲೆ ಎದ್ದುನಿಂತು, ಮೂಲಪುರುಷನಿಂದ ಹಿಡಿದು, ಒಂದೇ ಉಸಿರಿನಲ್ಲಿ, ಆ ಹೆಸರನ್ನೂ ಸೇರಿಸಿ ಹೇಳಿದ. ನಾನು ಒಳಗೆ ಹೋಗಿ ಮೊರದಲ್ಲಿ ರಾಗಿ ತಂದೆ.

(ಆಕಾಶವಾಣಿಯ ಸೌಜನ್ಯದಿಂದ)