ಹಾಲಿನ ಜಾಡು ತೋರಿಸುವ ಸಂಖ್ಯೆ

(ಬಾಗಲಕೋಟೆ, ಬಾದಾಮಿ, ಹುನಗುಂದ ಹಾಗೂ ಇಳಕಲ್ ತಾಲ್ಲೂಕುಗಳ ಉತ್ಪಾದಕ ಸದಸ್ಯರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಸಾರಾಂಶ)



ಇಳಕಲ್ ಸೀರೆಯ ಸೆರಗು ನೋಡಿದರೆ ಅದು ಯಾವ ಊರಿನದೆಂದು ಹೇಳಬಹುದು. ಆದರೆ ಕ್ಯಾನಿನಲ್ಲಿರುವ ಹಾಲನ್ನು ನೋಡಿ ಅದು ಯಾರ ಮನೆಯದೆಂದು ಹೇಳಲಾಗದು. ಒಂದು ಆಕಳ ಕೆಚ್ಚಲು ಬಾವಿಗೆ ಔಷಧಿ ಕೊಡಿಸಿ, ಅದೇ ದಿನ ಅದರ ಹಾಲನ್ನು ಡೇರಿಗೆ ಹಾಕಿದರೆ ಆ ಔಷಧಿ ಎಲ್ಲರ ಹಾಲಿನಲ್ಲೂ ಬೆರೆಯುತ್ತದೆ. ಅಂಥ ಹಾಲು ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಇಡೀ ಟ್ಯಾಂಕರ್ ತಿರಸ್ಕೃತವಾಗಬಹುದು. ಆಗ ತಪ್ಪು ಮಾಡದವರಿಗೂ ನಷ್ಟ.

ಇಂಥ ತೊಂದರೆ ಮೀನು, ಸೀಗಡಿ ಮಾರುವವರಿಗೂ ತಟ್ಟಿದೆ. ಯುರೋಪಿನ ದೇಶಗಳು 2010ರ ಜನವರಿ 1ರಿಂದ, ಸಮುದ್ರದಲ್ಲಿ ಹಿಡಿದ ಮೀನಿಗೆ ಯಾವ ದೋಣಿ ಎಲ್ಲಿ ಹಿಡಿಯಿತೆಂಬ ಪ್ರಮಾಣಪತ್ರ ಕೇಳುತ್ತಿವೆ. ಅಮೆರಿಕವೂ 2018ರಿಂದ ಕೆಲವು ಜಾತಿಯ ಮೀನುಗಳಿಗೆ ಇಂಥ ದಾಖಲೆ ಕೇಳುತ್ತಿದೆ. ಸೀಗಡಿಯಲ್ಲಿ ನಿಷೇಧಿತ ಔಷಧಿಯ ಅಂಶ ಕಂಡರೆ ಸರಕು ವಾಪಸು ಬರುತ್ತದೆ. ಆದ್ದರಿಂದ ಕೆರೆಯಿಂದ ಹಡಗಿನವರೆಗೆ ಲೆಕ್ಕ ಇಡುವುದನ್ನು ಅವರು ಕಲಿತರು. ಈಗ ಆ ಲೆಕ್ಕ ಕಂಪ್ಯೂಟರಿಗೆ ಬಂದಿದೆ.

ಹಾಲಿಗೂ ಇಂಥ ಲೆಕ್ಕ ಬಂದಿದೆ. ನಿಮ್ಮ ದನದ ಕಿವಿಯಲ್ಲಿರುವ ಹಳದಿ ಓಲೆಯ ಮೇಲೆ 12 ಅಂಕಿಗಳಿವೆ. ಅದೇ ಪಶು ಆಧಾರ್. ಅದರ ತಳಿ, ಗರ್ಭಧಾರಣೆ, ಕಾಲುಬಾಯಿ ಬೇನೆಯ ಲಸಿಕೆ, ಚಿಕಿತ್ಸೆ ಎಲ್ಲವನ್ನೂ ಈ ಸಂಖ್ಯೆಯಡಿ 'ಭಾರತ್ ಪಶುಧನ್' ಗಣಕ ವ್ಯವಸ್ಥೆಯಲ್ಲಿ ಬರೆದಿಡಲು ಅವಕಾಶವಿದೆ. ಡೇರಿಯ ಯಂತ್ರವು ಸದಸ್ಯರ ಸಂಖ್ಯೆಗೆ ಎದುರಾಗಿ ಹಾಲಿನ ಅಳತೆ, ಫ್ಯಾಟು, ದರಗಳನ್ನು ದಾಖಲಿಸಿ ಚೀಟಿ ಕೊಡುತ್ತದೆ.

"ಇದು ನಮ್ಮ ಮೇಲೆ ತಪ್ಪು ಹೊರಿಸುವ ಉಪಾಯವೇ?" ಎಂದು ಕೆಲವರು ಕೇಳುತ್ತಾರೆ. ಕೇಳುವುದು ಸರಿಯೇ. ಆದರೆ ಲೆಕ್ಕವಿಲ್ಲದಿದ್ದರೆ ಅನುಮಾನ ಊರಿಗೆಲ್ಲ ಅಂಟುತ್ತದೆ. ಲೆಕ್ಕವಿದ್ದರೆ ನಿರಪರಾಧಿಗೆ ಅದೇ ಸಾಕ್ಷಿ. ಆದರೆ ಒಂದು ಮಾತು ನೆನಪಿಡಿ. ಶೀತಲೀಕರಣ ತೊಟ್ಟಿಯಲ್ಲಿ ಬೆರೆತ ಹಾಲನ್ನು ಯಾವ ಕಂಪ್ಯೂಟರೂ ಬೇರೆ ಮಾಡಲಾರದು. ಬೆರೆಯುವ ಮೊದಲು ತೆಗೆದ ಸ್ಯಾಂಪಲ್ ಮತ್ತು ನಾವು ಹೇಳಿದ ನಿಜ, ಇವೆರಡೇ ಆಧಾರ.

ಆದ್ದರಿಂದ ನಾಲ್ಕು ಕೆಲಸ ಮಾಡೋಣ:

1. ಕಿವಿಯೋಲೆ ಬಿದ್ದುಹೋದರೆ ಪಶುವೈದ್ಯರಿಗೆ ತಿಳಿಸಿ ಮತ್ತೆ ಹಾಕಿಸೋಣ. ದನ ಮಾರಿದಾಗ, ಕೊಂಡಾಗ ಮಾಲೀಕರ ಹೆಸರು ಬದಲಿಸೋಣ.

2. ಔಷಧಿ ಕೊಟ್ಟ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದು, ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಡೇರಿಗೆ ಹಾಕದಿರೋಣ.

3. ಅಂಗಡಿಯಿಂದ ತಂದ ಔಷಧಿಯನ್ನು ನಾವೇ ಚುಚ್ಚುವುದು ಬೇಡ. ಸೀಗಡಿಗೆ ನಿಷೇಧಿಸಿರುವ ಕ್ಲೋರಾಂಫೆನಿಕಾಲ್, ನೈಟ್ರೋಫುರಾನ್‌ನಂಥ ಔಷಧಿಗಳು ಹಾಲು ಕೊಡುವ ದನಕ್ಕೂ ಸಲ್ಲವು.

4. ದಿನವೂ ಚೀಟಿ ಕೇಳಿ ಪಡೆಯೋಣ. ಅದು ನಿಮ್ಮ ಹಕ್ಕು.

ಎರಡು ದಿನದ ಹಾಲು ಚೆಲ್ಲುವುದು ಬಡವರಿಗೆ ಸಣ್ಣ ಮಾತಲ್ಲ, ನಾನು ಬಲ್ಲೆ. ಆದರೆ ಆ ಹಾಲನ್ನು ಕುಡಿಯುವುದು ಯಾರದೋ ಮನೆಯ ಕೂಸು. ಆ ಕೂಸಿನ ತಾಯಿ ನಮ್ಮ ಹಾಲಿನ ಮೇಲೆ ಇಟ್ಟಿರುವ ನಂಬಿಕೆಯೇ ನಮ್ಮ ಸಂಘದ ಬಂಡವಾಳ. ಅದನ್ನು ಉಳಿಸಿಕೊಳ್ಳೋಣ.

ಜೈ ಸಹಕಾರ.