ಭತ್ತದ ಬುಡದಲ್ಲಿ ಒಂದು ತಿಂಗಳು

ಅಕ್ಟೋಬರ್ ತಿಂಗಳಲ್ಲಿ ಬಳ್ಳಾರಿಯಿಂದ ಸಿರುಗುಪ್ಪದ ಕಡೆಗೆ ಹೊರಟವರಿಗೆ ದಾರಿಯ ಎರಡು ಬದಿಗಳಲ್ಲಿಯೂ ಕಣ್ಣು ಹಾಯುವಷ್ಟು ದೂರ ಹಸುರು ಕಾಣುತ್ತದೆ. ಬಿಸಿಲ ನಾಡಿಗೆ ತುಂಗಭದ್ರೆಯ ಕಾಲುವೆಗಳು ಕೊಟ್ಟ ಹಸುರು ಅದು. 1953ರಲ್ಲಿ ಅಣೆಕಟ್ಟು ಮುಗಿದು ನೀರು ಹರಿಯತೊಡಗಿದ ಮೇಲೆ, ಜೋಳ ಬೆಳೆಯುತ್ತಿದ್ದ ಎಷ್ಟೋ ಹೊಲಗಳು ಗದ್ದೆಗಳಾದವು. ನೀರಿನ ಹಿಂದೆ ಭತ್ತ ಬಂದಿತು. ಭತ್ತದ ಹಿಂದೆ ಅದನ್ನೇ ನಂಬಿ ಬದುಕುವ ಹುಳುವೂ ಬಂದಿತು. ಕಂದು ಜಿಗಿಹುಳುವೆಂದು ಅದರ ಹೆಸರು. ಅದರ ಹುಟ್ಟು ಬೆಳವಣಿಗೆಗಳನ್ನು ನಾನು ಕಣ್ಣಾರೆ ಕಂಡ ಬಗೆಯನ್ನು ಇಂದು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ಆಗ ನಾನು ಬಳ್ಳಾರಿಯಲ್ಲಿ ವಿಜ್ಞಾನದ ಮೇಷ್ಟ್ರು. ಸಿರುಗುಪ್ಪದ ಬಳಿ ಇದ್ದ ನಮ್ಮ ನಾಲ್ಕು ಎಕರೆ ಗದ್ದೆಯನ್ನು ತಮ್ಮ ನೋಡಿಕೊಳ್ಳುತ್ತಿದ್ದ. 2013ರ ಮುಂಗಾರಿನಲ್ಲಿ ಸೋನಾ ಮಸೂರಿ ಸೊಗಸಾಗಿ ಎದ್ದಿತ್ತು. ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ, ಗದ್ದೆಯ ನಡುವೆ ಒಂದು ಕಣದಷ್ಟು ಅಗಲ ಹಳದಿಯಾಯಿತು. ಕೆಲವೇ ದಿನಗಳಲ್ಲಿ ಬೆಂಕಿ ತಗುಲಿದಂತೆ ಒಣಗಿತು. ತಮ್ಮ ಅಂಗಡಿಯವರು ಕೊಟ್ಟ ಔಷಧವನ್ನು ಮೇಲಿನಿಂದ ಹೊಡೆದ. ವಾರ ಬಿಟ್ಟು ಮತ್ತೊಮ್ಮೆ ಹೊಡೆದ. ಹುಳು ಮೊದಲಿಗಿಂತ ಹೆಚ್ಚಾಯಿತು. ಸಾಲ ತಂದು ಬೆಳೆದ ಬೆಳೆಯಲ್ಲಿ ಅರ್ಧ ಮನೆಗೆ ಬರಲಿಲ್ಲ. ‘ಔಷಧ ಹೊಡೆದಷ್ಟೂ ಹೆಚ್ಚುವುದೆಂದರೆ ಇದೆಂಥ ಹುಳು ಅಣ್ಣಾ?’ ಎಂದು ಅವನು ಕೇಳಿದಾಗ, ಇಪ್ಪತ್ತು ವರ್ಷ ವಿಜ್ಞಾನ ಕಲಿಸಿದ ನನ್ನಲ್ಲಿ ಉತ್ತರವಿರಲಿಲ್ಲ.

ಮರುವರ್ಷ ಆಗಸ್ಟಿನಲ್ಲಿ ಬಳ್ಳಾರಿಯ ಮನೆಯ ಹಿತ್ತಲಲ್ಲಿ ಎರಡು ಕುಂಡಗಳಲ್ಲಿ ಭತ್ತ ನೆಟ್ಟೆ. ಹಳೆಯ ಲಾಟೀನುಗಳ ಗಾಜನ್ನು ಸಸಿಗಳ ಮೇಲೆ ನಿಲ್ಲಿಸಿ, ಬಾಯಿಗೆ ತೆಳು ಬಟ್ಟೆ ಕಟ್ಟಿದೆ. ತಮ್ಮನ ಗದ್ದೆಯಿಂದ ತಂದ ಹೆಣ್ಣು ಹುಳುಗಳನ್ನು ಒಳಗೆ ಬಿಟ್ಟು, ಬೆಳಗು ಸಂಜೆ ಭೂತಗನ್ನಡಿ ಹಿಡಿದು ಕುಳಿತೆ.

ಮೊಟ್ಟೆ ಮೇಲೆ ಕಾಣುವುದಿಲ್ಲ. ಹೆಣ್ಣು ಕಾಂಡವನ್ನು ಸುತ್ತಿದ ಎಲೆಯ ಒರೆಯನ್ನು ಸೀಳಿ ಅದರೊಳಗೆ ಮೊಟ್ಟೆಗಳನ್ನು ಸಾಲಾಗಿ ಇಡುತ್ತದೆ. ಹೊರಗೆ ಉಳಿಯುವುದು ಒಂದು ಕಂದು ಗೆರೆ ಮಾತ್ರ. ಎಂಟನೆಯ ದಿನ ಆ ಗೆರೆಯ ಬಳಿ ಬಿಳಿಯ ಚುಕ್ಕೆಗಳು ಚಲಿಸಿದವು. ಅವೇ ಮರಿಗಳು. ನಮ್ಮ ಕೃಷಿ ಪುಸ್ತಕಗಳು ಇವನ್ನು ‘ಅಪ್ಸರೆ’ಗಳೆಂದು ಕರೆಯುತ್ತವೆ. ತಮ್ಮನಿಗೆ ಹೇಳಿದಾಗ, ‘ಸ್ವರ್ಗ ಬಿಟ್ಟು ನಮ್ಮ ಗದ್ದೆಗೇ ಇಳಿಯಬೇಕಿತ್ತೇ?’ ಎಂದು ನಕ್ಕ. ಹಿಂದಿನ ವರ್ಷದ ನಷ್ಟದ ನಂತರ ಅವನು ನಕ್ಕದ್ದು ಅದೇ ಮೊದಲು.

ಮರಿ ಐದು ಸಲ ಪೊರೆ ಕಳಚುತ್ತದೆ. ಕಳಚಿದ ಬಿಳಿಯ ಪೊರೆಗಳು ಕುಂಡದ ನೀರಿನ ಮೇಲೆ ತೇಲುತ್ತಿದ್ದವು. ಪ್ರತಿ ಸಲವೂ ಮೈ ದೊಡ್ಡದಾಗಿ, ಬಣ್ಣ ಕಂದಿಗೆ ತಿರುಗಿ, ಬೆನ್ನ ಮೇಲೆ ರೆಕ್ಕೆಯ ಮೊಳಕೆ ಬೆಳೆಯುತ್ತಿತ್ತು. ಎರಡು ವಾರಗಳಲ್ಲಿ ಅವು ಪ್ರೌಢ ಹುಳುಗಳಾದವು. ಉದ್ದ ಸುಮಾರು 3 ಮಿಲಿಮೀಟರು. ಮೊಟ್ಟೆಯಿಂದ ಮೊಟ್ಟೆಗೆ ಒಂದು ತಿಂಗಳೂ ಬೇಕಿಲ್ಲ. ಒಂದು ಹೆಣ್ಣು ಇನ್ನೂರು, ಮುನ್ನೂರು ಮೊಟ್ಟೆ ಇಡಬಲ್ಲುದು.

ನನ್ನನ್ನು ಬೆರಗುಗೊಳಿಸಿದ್ದು ರೆಕ್ಕೆಗಳು. ಕೆಲವೇ ಮರಿಗಳಿದ್ದ, ಸಸಿ ಪುಷ್ಟವಾಗಿದ್ದ ಕುಂಡದಲ್ಲಿ ಹೆಚ್ಚಿನ ಹೆಣ್ಣುಗಳಿಗೆ ಗಿಡ್ಡ ರೆಕ್ಕೆ ಬಂದಿತು. ಅವು ಹಾರಲಾರವು, ಇದ್ದಲ್ಲಿಯೇ ಸಂತಾನ ಬೆಳೆಸುತ್ತವೆ. ಮರಿಗಳು ಕಿಕ್ಕಿರಿದು ಸಸಿ ಬಾಡಿದ ಇನ್ನೊಂದು ಕುಂಡದಲ್ಲಿ ಬಹುಪಾಲು ಹುಳುಗಳಿಗೆ ಉದ್ದ ರೆಕ್ಕೆ ಬಂದಿತು. ಅನ್ನವಿರುವವರೆಗೆ ನೆಲೆ, ಅನ್ನ ತೀರಿದಾಗ ವಲಸೆ! ಯೂರಿಯಾ ಅತಿಯಾಗಿ ಸುರಿದು ಗದ್ದೆಯನ್ನು ಕೊಬ್ಬಿಸುವ ನಾವು ಆ ನೆಲೆಯನ್ನು ಭದ್ರಪಡಿಸುತ್ತೇವೆ.

ತಮ್ಮನ ಪ್ರಶ್ನೆಗೆ ಉತ್ತರ ಆ ಗಾಜಿನೊಳಗೇ ಇತ್ತು. ಹುಳು ಇರುವುದು ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ, ಬುಡದಲ್ಲಿ. ನಾವು ಔಷಧ ಹೊಡೆಯುವುದು ತುದಿಗೆ. ಒರೆಯೊಳಗಿನ ಮೊಟ್ಟೆಗೆ ಅದು ಮುಟ್ಟುವುದೇ ಕಷ್ಟ. ಸಾಯುವುದು ಹುಳುವನ್ನು ತಿನ್ನುವ ಜೇಡ ಮತ್ತು ಅದರ ಮೊಟ್ಟೆಯನ್ನು ಹೀರುವ ಹಸುರು ಮಿರಿಡ್ ತಿಗಣೆ. ವಾರದ ಮೇಲೆ ಮೊಟ್ಟೆಯೊಡೆದ ಮರಿಗಳಿಗೆ ಕಾವಲುಗಾರರಿಲ್ಲದ ಗದ್ದೆ ದೊರೆಯುತ್ತದೆ. 1973-74ರಲ್ಲಿ ಕೇರಳದ ಕುಟ್ಟನಾಡಿನ ಭತ್ತವನ್ನು ಹಾಳುಮಾಡಿದ್ದು ಈ ಹುಳುವೇ. ಇಂಡೊನೇಷ್ಯ ಇದರಿಂದ ಪಾಠ ಕಲಿತು, 1986ರಲ್ಲಿ ಭತ್ತಕ್ಕೆ ಬಳಸುತ್ತಿದ್ದ 57 ಕೀಟನಾಶಕಗಳನ್ನು ನಿಷೇಧಿಸಿತು.

ಅದೇ ಅಕ್ಟೋಬರಿನಲ್ಲಿ ಕುರುಗೋಡಿಗೆ ತಂಗಿಯ ಮನೆಗೆ ಹೋಗಿದ್ದೆ. ಅಳಿಯ ಔಷಧದ ಪಂಪನ್ನು ಬೆನ್ನಿಗೇರಿಸಿ ಗದ್ದೆಗೆ ಹೊರಟಿದ್ದ. ‘ಮೊದಲು ಎಣಿಸೋಣ’ ಎಂದೆ. ಇಪ್ಪತ್ತು ಬುಡಗಳನ್ನು ಬಾಗಿಸಿ ನೋಡಿದೆವು. ಬುಡಕ್ಕೆ ಆರೇಳು ಹುಳು. ಹೆಚ್ಚಿನವು ಬಿಳಿಯ ಎಳೆಯ ಮರಿಗಳು. ಜೇಡಗಳು ಹದಿನೆಂಟು, ಮಿರಿಡ್ ತಿಗಣೆಗಳು ಬೇಕಾದಷ್ಟು. ‘ಐದು ದಿನ ತಡೆ’ ಎಂದೆ. ‘ಮಾವ, ಗದ್ದೆ ಸುಟ್ಟರೆ ಸಾಲ ತೀರಿಸುವವರು ಯಾರು?’ ಎಂದ ಅವನು. ನ್ಯಾಯವಾದ ಮಾತು. ಅವನ ಅಕ್ಕಿ ನನ್ನ ಕುಂಡದ ಸಸಿಯಲ್ಲ. ಆ ಐದು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ.

ಗದ್ದೆಯ ನೀರು ಬಸಿದೆವು, ಯೂರಿಯಾ ನಿಲ್ಲಿಸಿದೆವು, ಗಾಳಿ ಬೆಳಕು ಬುಡಕ್ಕೆ ಇಳಿಯಲೆಂದು ಪೈರನ್ನು ಅಲ್ಲಲ್ಲಿ ಸಾಲು ಬಿಡಿಸಿದೆವು. ಐದನೆಯ ದಿನ ಬುಡಕ್ಕೆ ನಾಲ್ಕು ಹುಳು, ಹತ್ತನೆಯ ದಿನ ಎರಡು. ಪೈರು ದಟ್ಟವಾಗಿದ್ದ ಒಂದು ಮೂಲೆಯಲ್ಲಿ ಮಾತ್ರ ಹುಳು ಇಳಿಯಲಿಲ್ಲ. ಅಲ್ಲಿಗಷ್ಟೇ, ಬುಡಕ್ಕೆ ತಾಗುವಂತೆ ಔಷಧ ಹೊಡೆದೆವು. ಆದರೂ ಆ ಮೂಲೆ ಸ್ವಲ್ಪ ಸುಟ್ಟಿತು. ಉಳಿದ ಬೆಳೆ ಮನೆಗೆ ಬಂದಿತು.

ಔಷಧವೇ ಬೇಡವೆಂದು ನಾನು ಹೇಳುವುದಿಲ್ಲ. ಹುಳುವಿನ ವಯಸ್ಸು ತಿಳಿಯದೆ, ಅದರ ವೈರಿಗಳನ್ನು ಎಣಿಸದೆ ಹೊಡೆಯಬಾರದೆಂದಷ್ಟೇ ನನ್ನ ವಿನಂತಿ. ನಾಟಿಯಾದ ತಿಂಗಳಿನಿಂದ ವಾರಕ್ಕೊಮ್ಮೆ ಗದ್ದೆಗಿಳಿದು, ಬಗ್ಗಿ, ಇಪ್ಪತ್ತು ಬುಡ ನೋಡಲು ಅರ್ಧ ಗಂಟೆ ಸಾಕು. ಕುರುಗೋಡಿನ ಅಳಿಯ ಈಗ ಅದನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತಾನೆ. ನನ್ನ ಭೂತಗನ್ನಡಿಯೂ ಅವನ ಬಳಿಯೇ ಇದೆ. ಮರಳಿ ಕೊಡೆಂದು ನಾನು ಕೇಳಿಲ್ಲ.