ಪದ ಕೇಳಿಸುವಷ್ಟೇ ರಿವರ್ಬ್

ನಮ್ಮ ಬೀಳಗಿಯಲ್ಲಿ ಹುಟ್ಟಿದ ಅಮೀರ್‌ಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಚಿತ್ರಕ್ಕೆ ಹಾಡಿದಾಗ, ಮಿಕ್ಸರಿನ ಗುಂಡಿ ತಿರುವಿ ರಿವರ್ಬ್ (ಅನುರಣನ) ಹಾಕುವ ಇಂದಿನ ಅನುಕೂಲ ಇರಲಿಲ್ಲ. ಜರ್ಮನಿಯ ಇಎಂಟಿ ಕಂಪನಿ ಉಕ್ಕಿನ ದೊಡ್ಡ ತಗಡನ್ನು ಚೌಕಟ್ಟಿಗೆ ಬಿಗಿದು, ಹಾಡಿನ ದನಿಯಿಂದಲೇ ಅದು ಕಂಪಿಸುವಂತೆ ಮಾಡಿ ಅನುರಣನ ಪಡೆಯುವ ಯಂತ್ರ ತಂದದ್ದು 1957ರಲ್ಲಿ. ಈಗ ಆ ಪರಿಣಾಮ ಮೊಬೈಲಿನಲ್ಲೇ ಸಿಗುತ್ತದೆ. ಹಾಗಾಗಿ ಎಷ್ಟು ಹಾಕಬೇಕೆಂಬ ವಿವೇಕ ಈಗಲೇ ಹೆಚ್ಚು ಬೇಕು.

ವಿಜಯಪುರದ ಗೋಳಗುಮ್ಮಟದಲ್ಲಿ ಕೂಗಿದ್ದು ಬಿಡಿಬಿಡಿಯಾಗಿ ಮರಳಿ ಕೇಳುತ್ತದೆ, ಅದು ಎಕೋ. ರಿವರ್ಬಿನಲ್ಲಿ ಗೋಡೆ, ನೆಲ, ಮಾಳಿಗೆಗಳಿಂದ ಮರಳುವ ದನಿಗಳು ಒತ್ತೊತ್ತಾಗಿ ಬಂದು, ಕಿವಿಗೆ ಒಂದೇ ಬಾಲವಾಗಿ ಕೇಳುತ್ತವೆ. ದನಿ 60 ಡೆಸಿಬೆಲ್ ಇಳಿಯಲು ಹಿಡಿಯುವ ಹೊತ್ತೇ ಅದರ ಅಳತೆ. ಜಾತ್ರೆಯ ಪೆಂಡಾಲಿನಲ್ಲಿ ಎರಡಕ್ಕೂ ಎಕೋ ಎಂದೇ ಹೆಸರು.

ನಮ್ಮ ಶ್ರೀಕೃಷ್ಣ ಪಾರಿಜಾತ ಬಯಲಾಟವನ್ನೇ ನೋಡಿ. ಅಲ್ಲಿ ಹಾಡಿನಷ್ಟೇ ಮಾತಿಗೂ ಬೆಲೆ. ಸತ್ಯಭಾಮೆಯ ಸಿಟ್ಟಿನ ಮಾತು ಚುರುಕಾಗಿ ಬರಬೇಕು. ‘ಕಟ್ಟು’ ಎನ್ನುವಾಗ ಒತ್ತಕ್ಷರದಲ್ಲಿ ನಾಲಗೆ ಅರೆಗಳಿಗೆ ನಿಲ್ಲುತ್ತದೆ. ಆ ಸಣ್ಣ ಮೌನವೇ ಅಕ್ಷರಕ್ಕೆ ಗಟ್ಟಿತನ ಕೊಡುವುದು. ಎರಡು ಸೆಕೆಂಡಿನ ರಿವರ್ಬ್ ಹಾಕಿದರೆ ಹಿಂದಿನ ಸ್ವರದ ಬಾಲ ಆ ಮೌನದೊಳಗೆ ನುಗ್ಗಿ ಒತ್ತನ್ನು ನುಂಗಿಬಿಡುತ್ತದೆ. ಮಾತಿಗೆ ಅರ್ಧ ಸೆಕೆಂಡು ಸಾಕು, ಎಳೆದು ಹಾಡುವ ಪದಕ್ಕೆ ಕೊಂಚ ಹೆಚ್ಚಿರಲಿ. ಮೂಲ ದನಿಗೂ ರಿವರ್ಬಿಗೂ ನಡುವೆ 30–40 ಮಿಲಿಸೆಕೆಂಡು ಅಂತರ ಬಿಟ್ಟರೆ ಅಕ್ಷರ ಮುಂದೆ ನಿಲ್ಲುತ್ತದೆ. ತಬಲಾದ ಡಗ್ಗಾ ಗುಂಯ್‌ಗುಡದಂತೆ ರಿವರ್ಬಿನ ಕೆಳದನಿಗಳನ್ನು ಕತ್ತರಿಸಿ.

ಗದ್ದಲವನ್ನು ರಿವರ್ಬ್ ಮುಚ್ಚುತ್ತದೆ ಎಂಬ ನಂಬಿಕೆ ತಪ್ಪು. ರಬಕವಿ-ಬನಹಟ್ಟಿಯ ಓಣಿಯಲ್ಲಿ ಪವರ್‌ಲೂಮ್ ನಡೆಯುವಾಗ ಹಾಡು ಮುದ್ರಿಸಿ ರಿವರ್ಬ್ ಹಾಕಿದರೆ, ಮಗ್ಗದ ಒಂದೊಂದು ಹೊಡೆತಕ್ಕೂ ಬಾಲ ಬೆಳೆಯುತ್ತದೆ. ಮಗ್ಗ ನಿಂತ ಹೊತ್ತು ನೋಡಿ, ಬರಿಗೋಡೆಗಳಿಗೆ ದಪ್ಪ ಕೌದಿ ಇಳಿಬಿಟ್ಟು, ಮೈಕನ್ನು ಗಾಯಕರ ಹತ್ತಿರ ಇಡಿ. ಕೌದಿಗಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ. ಮುದ್ರಣದೊಳಗೇ ಕೂತ ರಿವರ್ಬನ್ನು ಪೂರ್ತಿ ತೆಗೆಯಲಾಗದು. ಹಾಕುವುದಾದರೆ ನಂತರ ಯಾವಾಗ ಬೇಕಾದರೂ ಹಾಕಬಹುದು.

ಜಮಖಂಡಿ, ಮುಧೋಳ ಸೀಮೆಯ ಹಿರಿಯ ಪಾರಿಜಾತ ಕಲಾವಿದರ, ಭಜನಾ ಮೇಳದವರ ದನಿ ಹಿಡಿಯುತ್ತಿರುವ ತರುಣರಲ್ಲಿ ನನ್ನ ವಿನಂತಿ ಇಷ್ಟೇ: ಊರಿಗೆ ಕೇಳಿಸಲು ರಿವರ್ಬ್ ಹಾಕಿದ ಪ್ರತಿ ಬೇರೆ ಮಾಡಿಕೊಳ್ಳಿ, ಏನೂ ಬೆರೆಸದ ಮೂಲ ಫೈಲಿಗೆ ಕಲಾವಿದರ ಹೆಸರು, ಊರು, ತಾರೀಖು ಬರೆದು ಎರಡು ಕಡೆ ಕಾಯ್ದಿಡಿ.